ಬಣ್ಣದ ಗಾಜಿನ ಬೆಳಕು: ಕಲೆ ಎಲ್ಲಿಯವರೆಗೆ, ಚಿಕಿತ್ಸೆ ಎಲ್ಲಿಂದ?

ಬೆಂಗಳೂರಿನ ಹೊರವಲಯದಲ್ಲಿ ಗಾಜಿಗೆ ಬರವಿಲ್ಲ. ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಕಚೇರಿ ಕಟ್ಟಡಗಳು ಅಡಿಯಿಂದ ಮುಡಿಯವರೆಗೆ ಗಾಜನ್ನೇ ಹೊದ್ದು ನಿಂತಿವೆ. ಬಿಸಿಲಿನ ಕಾವನ್ನು ಹೊರಗೇ ತಡೆಯುವುದು ಆ ಗಾಜಿನ ಕೆಲಸ. ಒಳಗೆ ಹಗಲೂ ಇರುಳೂ ಒಂದೇ ಬಿಳಿ ದೀಪ. ಅಂಥ ಕಟ್ಟಡಗಳಿಂದ ಮರಳಿದವರ ಮನೆಯ ಕಿಟಕಿಗಳಲ್ಲಿ ಬೇರೊಂದು ಬಗೆಯ ಗಾಜು ಅಲ್ಲಲ್ಲಿ ಕಾಣಸಿಗುತ್ತದೆ. ನೀಲಿ, ಹಸಿರು, ಕೆಂಪು ತುಂಡುಗಳನ್ನು ಕೈಯಿಂದಲೇ ಕತ್ತರಿಸಿ, ಲೋಹದ ಅಂಚು ಕಟ್ಟಿ ಜೋಡಿಸಿದ ಫಲಕಗಳು ಅವು. ಕೆಲವನ್ನು ಬರಿಯ ಅಲಂಕಾರವೆಂದು ತೂಗುಹಾಕುತ್ತಾರೆ. ಇನ್ನು ಕೆಲವಕ್ಕೆ ‘ವರ್ಣಚಿಕಿತ್ಸೆ’ಯ ಹೆಸರಿದೆ. ನೀಲಿ ಶಾಂತಿಗೆ, ಹಸಿರು ಸಮತೋಲಕ್ಕೆ, ಕಿತ್ತಳೆ ಉತ್ಸಾಹಕ್ಕೆ ಎಂಬ ವಿವರಣೆಯೊಡನೆ ಅವು ಕೈ ಬದಲಾಯಿಸುತ್ತವೆ.

ಇಂಥ ಫಲಕವೊಂದನ್ನು ಮಾಡುವುದು ತಾಳ್ಮೆಯ, ಸಂತೋಷದ ಕೆಲಸ. ಮನೆಯೊಳಗೆ ಬಣ್ಣ ಚೆಲ್ಲುವ ಬೆಳಕು ಮನಸ್ಸಿಗೆ ಹಿತ ನೀಡುವುದೂ ನಿಜ. ಆದರೆ ಹಿತಕ್ಕೂ ಚಿಕಿತ್ಸೆಗೂ ನಡುವೆ ಅಳೆಯಬಹುದಾದ ಅಂತರವೊಂದಿದೆ. ಹಸುಗೂಸಿನ ಕಾಮಾಲೆಯ ಮಾತು ಬಂದಾಗ ಆ ಅಂತರವನ್ನು ಮರೆಯುವುದು ಅಪಾಯಕಾರಿ. ಅಷ್ಟೇ ಅಪಾಯಕಾರಿಯಾದ ಇನ್ನೊಂದು ಸಂಗತಿ ಈ ಕಸುಬಿನ ಒಳಗೇ ಇದೆ, ಅದು ಸೀಸ.

ನಾಡಿಗೆ ಪರಿಚಿತ ಬಣ್ಣಗಳು

ಬಣ್ಣದ ಗಾಜು ಕನ್ನಡಿಗರಿಗೆ ಹೊಸದೇನಲ್ಲ. 1912ರಲ್ಲಿ ಪೂರ್ಣಗೊಂಡ ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿ ತಲೆಯೆತ್ತಿ ನೋಡಿದವರಿಗೆ ನವಿಲುಗಳ ಚಿತ್ತಾರದ ಗಾಜಿನ ಛಾವಣಿ ಮರೆಯುವಂಥದ್ದಲ್ಲ. ಎಂಟು ಮೂಲೆಗಳ ಆ ಮಂಟಪದ ಕಬ್ಬಿಣ ಮತ್ತು ಗಾಜು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂದವು. ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ಬಣ್ಣದ ಕಿಟಕಿಗಳನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಕಳಚಿಟ್ಟು, 1947ರಲ್ಲಿ ಮತ್ತೆ ಕೂರಿಸಲಾಯಿತು. ದೊಡ್ಡ ಕಟ್ಟಡಗಳ ಮಾತು ಹಾಗಿರಲಿ, ಹಳೆಯ ಮನೆಗಳ ಬಾಗಿಲ ಮೇಲಿನ ಬೆಳಕಿಂಡಿಯಲ್ಲಿ ಕೆಂಪು, ಹಸಿರು, ನೀಲಿ ಚೌಕಗಳನ್ನು ಕಂಡವರು ಇಂದಿಗೂ ಇದ್ದಾರೆ. ಬೆಳಗಿನ ಹೊತ್ತು ಆ ಬಣ್ಣಗಳು ಕೆಂಪು ಗಾರೆ ನೆಲದ ಮೇಲೆ ಸರಿದಾಡುವುದನ್ನು ಯಾರೂ ಔಷಧವೆಂದು ಕರೆಯುತ್ತಿರಲಿಲ್ಲ.

ಬಣ್ಣ ಗಾಜಿನೊಳಗೆ ಸೇರುವ ಬಗೆ

ಗಾಜಿಗೆ ಬಣ್ಣ ಕೊಡುವುದು ಲೋಹ. ಮರಳು, ಸೋಡಾ, ಸುಣ್ಣವನ್ನು ಕರಗಿಸುವಾಗಲೇ ಅತ್ಯಲ್ಪ ಪ್ರಮಾಣದ ಕೋಬಾಲ್ಟ್ ಸೇರಿಸಿದರೆ ಕಡುನೀಲಿ ಮೂಡುತ್ತದೆ. ಮ್ಯಾಂಗನೀಸ್ ನೇರಳೆಯನ್ನೂ, ಕ್ರೋಮಿಯಂ ಹಸಿರನ್ನೂ ಕೊಡುತ್ತದೆ. ತಾಮ್ರದ್ದು ಎರಡು ಮುಖ: ಕುಲುಮೆಯ ವಾತಾವರಣಕ್ಕೆ ತಕ್ಕಂತೆ ಅದು ನೀಲಿಹಸಿರೂ ಆಗಬಹುದು, ಮಾಣಿಕ್ಯದ ಕೆಂಪೂ ಆಗಬಹುದು. ಉಜ್ಜ್ವಲವಾದ ಹಳದಿ, ಕಿತ್ತಳೆ, ಕೆಂಪುಗಳಿಗೆ ಕ್ಯಾಡ್ಮಿಯಂ ಮತ್ತು ಸೆಲೆನಿಯಂ ಬಳಕೆಯಲ್ಲಿವೆ. ಗುಲಾಬಿ ಛಾಯೆಯ ಅತಿ ದುಬಾರಿ ಗಾಜಿಗೆ ಚಿನ್ನವೇ ಬೇಕು. ಯುರೋಪಿನಲ್ಲಿ 14ನೇ ಶತಮಾನದಿಂದ ಬೆಳ್ಳಿಯ ಲವಣವನ್ನು ಗಾಜಿನ ಮೇಲೆ ಬಳಿದು ಸುಟ್ಟು ಹೊಂಬಣ್ಣ ತರುವ ಕ್ರಮ ಬಂತು. ‘ಸ್ಟೇನ್ಡ್ ಗ್ಲಾಸ್’ ಎಂಬ ಹೆಸರಿಗೆ ನಿಜವಾಗಿ ಸಲ್ಲುವುದು ಈ ಬೆಳ್ಳಿಯ ಕಲೆಯೇ.

ಮಾರುಕಟ್ಟೆಯಲ್ಲಿ ಮಾತ್ರ ಈ ಹೆಸರಿನಲ್ಲಿ ಹಲವು ಬಗೆಯ ವಸ್ತುಗಳು ಸಿಗುತ್ತವೆ. ಸಾದಾ ಗಾಜಿಗೆ ಬಣ್ಣದ ಲ್ಯಾಕರ್ ಬಳಿದದ್ದು, ಬಣ್ಣದ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದು, ಸೀಸದ ಗೆರೆಯನ್ನು ಹೋಲುವ ಪೇಸ್ಟ್ ಎಳೆದದ್ದು ಎಲ್ಲವೂ ಇವೆ. ಕೊಳ್ಳುವವರು ತುಂಡಿನ ಅಂಚನ್ನು ನೋಡಿದರೆ ಸಾಕು: ಬಹುತೇಕ ಗಾಜಿನಲ್ಲಿ ಬಣ್ಣ ದಪ್ಪದ ಉದ್ದಕ್ಕೂ ಇರುತ್ತದೆ, ಬಳಿದದ್ದಾದರೆ ಒಂದು ಮೈಯಲ್ಲಿ ಮಾತ್ರ. ಬಿಸಿಲಿಗೆ ಬಳಿದ ಬಣ್ಣ ಕೆಲವು ವರ್ಷಗಳಲ್ಲೇ ಮಾಸುತ್ತದೆ, ಕೋಬಾಲ್ಟಿನ ನೀಲಿ ಶತಮಾನ ಕಳೆದರೂ ಮಾಸದು.

ಕೈಕೆಲಸದ ಕ್ರಮ

ಎರಡು ಪದ್ಧತಿಗಳು ರೂಢಿಯಲ್ಲಿವೆ. ಚರ್ಚಿನ ಕಿಟಕಿಗಳದ್ದು ಸೀಸದ ಪಟ್ಟಿಯ ಪದ್ಧತಿ. ಅಡ್ಡಸೀಳಿದರೆ ಇಂಗ್ಲಿಷಿನ ‘ಎಚ್’ ಅಕ್ಷರದಂತೆ ಕಾಣುವ ಮೆದುವಾದ ಪಟ್ಟಿಯ ಎರಡು ಬದಿಯ ಗಾಡಿಗಳಲ್ಲಿ ಗಾಜಿನ ತುಂಡುಗಳನ್ನು ಕೂರಿಸಿ, ಪಟ್ಟಿಗಳು ಸೇರುವೆಡೆ ಬೆಸುಗೆ ಹಾಕಿ, ಸಂದುಗಳಿಗೆ ಸೀಮೆಸುಣ್ಣದ ಪುಡಿ ಮತ್ತು ಅಗಸೆ ಎಣ್ಣೆಯ ಮೆತ್ತೆ ತುಂಬಲಾಗುತ್ತದೆ. ಇನ್ನೊಂದು ತಾಮ್ರದ ತೆಳು ಪಟ್ಟಿಯ ಪದ್ಧತಿ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಟಿಫನಿಯ ದೀಪಗಳಿಂದ ಜನಪ್ರಿಯವಾದ ಇದು ಚಿಕ್ಕ ಫಲಕ, ದೀಪದ ಛತ್ರಿಗಳಿಗೆ ಹೆಚ್ಚು ಒಗ್ಗುತ್ತದೆ. ಮನೆಯಲ್ಲಿ ಕೆಲಸ ಮಾಡುವವರು ಹೆಚ್ಚಾಗಿ ಹಿಡಿಯುವ ದಾರಿಯೂ ಇದೇ.

ಮೊದಲು ಪೂರ್ಣ ಅಳತೆಯ ರೇಖಾಚಿತ್ರ ಸಿದ್ಧವಾಗಬೇಕು. ಅದರ ಒಂದೊಂದು ಭಾಗಕ್ಕೂ ಅಂಕಿ ಕೊಟ್ಟು, ಕಾಗದದ ಪಡಿಯಚ್ಚು ಕತ್ತರಿಸಿ, ಸುಮಾರು 3 ಮಿಲಿಮೀಟರ್ ದಪ್ಪದ ಬಣ್ಣದ ಗಾಜಿನ ಮೇಲೆ ಗುರುತಿಸಬೇಕು. ಕತ್ತರಿಸುವುದೆಂಬ ಮಾತು ಇಲ್ಲಿ ಅಷ್ಟು ಸರಿಯಲ್ಲ. ಗಟ್ಟಿ ಲೋಹದ ಪುಟ್ಟ ಚಕ್ರ ಗಾಜಿನ ಮೇಲೆ ಗೀರನ್ನಷ್ಟೇ ಎಳೆಯುತ್ತದೆ. ಎರಡು ಕೈಗಳ ಹದವಾದ ಒತ್ತಡಕ್ಕೆ ಗಾಜು ಆ ಗೀರಿನ ಗುಂಟ ತಾನೇ ಬಿಡುತ್ತದೆ. ಒಂದು ಗೀರಿನ ಮೇಲೆ ಚಕ್ರವನ್ನು ಎರಡನೆಯ ಸಲ ಹಾಯಿಸಿದರೆ ತುಂಡು ಅಡ್ಡಾದಿಡ್ಡಿ ಒಡೆಯುವುದು ಬಹುಮಟ್ಟಿಗೆ ಖಚಿತ. ಒಳಬಾಗಿದ ಆಕಾರಗಳು ಒಂದೇ ಸಲಕ್ಕೆ ಬರುವುದಿಲ್ಲ, ಸ್ವಲ್ಪಸ್ವಲ್ಪವೇ ಕಚ್ಚಿ ತೆಗೆಯಬೇಕು. ಹೊಸಬರ ಗಾಜು ಹೆಚ್ಚು ವ್ಯರ್ಥವಾಗುವುದು ಇಲ್ಲಿಯೇ.

ಬಳಿಕ ನೀರು ಹರಿಯುವ ಅರೆಯುವ ಯಂತ್ರದಲ್ಲಿ ಅಂಚನ್ನು ನಯಗೊಳಿಸಿ, ತೊಳೆದು ಒಣಗಿಸಿ, ಅಂಟಿರುವ ತಾಮ್ರದ ಪಟ್ಟಿಯನ್ನು ಅಂಚಿನ ಸುತ್ತ ಸುತ್ತಿ ಉಜ್ಜಿ ಕೂರಿಸಲಾಗುತ್ತದೆ. ಎಲ್ಲ ತುಂಡುಗಳೂ ಚಿತ್ರದ ಮೇಲೆ ಕೂತ ನಂತರ ಫ್ಲಕ್ಸ್ ಸವರಿ ಬೆಸುಗೆ. ಶೇಕಡಾ 60 ತವರ, 40 ಸೀಸದ ಬೆಸುಗೆ ತಂತಿ 183ರಿಂದ 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ತಾಮ್ರದ ಮೇಲೆ ದುಂಡಗಿನ ಏಣಾಗಿ ನಿಲ್ಲುತ್ತದೆ. ಸೀಸದ ಪಟ್ಟಿಯ ಪದ್ಧತಿಯಲ್ಲಿ ಇನ್ನೂ ಎಚ್ಚರ ಬೇಕು. ಸೀಸ ಕರಗುವುದು 327 ಡಿಗ್ರಿಯಲ್ಲಿ. ಸಾಲ್ಡರಿಂಗ್ ಐರನ್ ಒಂದು ಕ್ಷಣ ಹೆಚ್ಚು ನಿಂತರೆ ಬೆಸುಗೆಯ ಜೊತೆ ಪಟ್ಟಿಯೇ ಕರಗಿ ಕುಳಿಬೀಳುತ್ತದೆ. ಪೀಣ್ಯದ ಸಣ್ಣ ಘಟಕಗಳಲ್ಲಿ ಸರ್ಕ್ಯೂಟ್ ಬೋರ್ಡ್‌ಗಳ ಮೇಲೆ ಕೈಪಳಗಿದವರಿಗೆ ಈ ಉಪಕರಣ, ಈ ತಂತಿ, ಈ ಹೊಗೆ ಮೂರೂ ಗೊತ್ತಿರುವಂಥವೇ.

ನೀಲಿ ಗಾಜಿನ ಹುಚ್ಚು

ಬಣ್ಣದ ಗಾಜಿಗೆ ರೋಗ ಗುಣಪಡಿಸುವ ಶಕ್ತಿಯನ್ನು ಆರೋಪಿಸಿದ ಕತೆ ಸುಮಾರು ಒಂದೂವರೆ ಶತಮಾನದ್ದು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಅಗಸ್ಟಸ್ ಪ್ಲೆಸಂಟನ್ ಎಂಬಾತ ತನ್ನ ದ್ರಾಕ್ಷಿ ಬೆಳೆಯುವ ಗಾಜಿನ ಮನೆಗೆ ನಡುನಡುವೆ ನೀಲಿ ಗಾಜಿನ ಸಾಲುಗಳನ್ನು ಹಾಕಿಸಿದ. ಬಳ್ಳಿ ಹುಲುಸಾಗಿ ಬೆಳೆಯಿತು. ಅದಕ್ಕೆ ನೀಲಿ ಬೆಳಕೇ ಕಾರಣವೆಂದು ತೀರ್ಮಾನಿಸಿ, ಪ್ರಾಣಿಗಳಿಗೂ ಮನುಷ್ಯರಿಗೂ ಅದು ಒಳ್ಳೆಯದೆಂದು 1876ರಲ್ಲಿ ಪುಸ್ತಕ ಬರೆದ; ನೀಲಿ ಕಾಗದದ ಮೇಲೆ ನೀಲಿ ಶಾಯಿಯಲ್ಲಿ ಅಚ್ಚಾದ ಪುಸ್ತಕವದು. 1877ರಲ್ಲಿ ಅಮೆರಿಕದಾದ್ಯಂತ ಜನ ಕಿಟಕಿಗಳಿಗೆ ನೀಲಿ ಗಾಜು ಹಾಕಿಸಿಕೊಂಡು ಅದರಡಿ ಕುಳಿತರು. ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆ ಆ ವರ್ಷವೇ ಇದನ್ನು ಖಂಡಿಸಿತು. ನೀಲಿ ಗಾಜು ಬಿಸಿಲಿಗೆ ಏನನ್ನೂ ಸೇರಿಸುವುದಿಲ್ಲ, ಇರುವ ಬೆಳಕನ್ನೇ ಕಡಿಮೆ ಮಾಡುತ್ತದೆ ಎಂಬುದು ವಾದದ ತಿರುಳು. ಆ ವಾದ ಇಂದಿಗೂ ಹಾಗೆಯೇ ನಿಲ್ಲುತ್ತದೆ.

1878ರಲ್ಲಿ ಎಡ್ವಿನ್ ಬ್ಯಾಬಿಟ್ ಬೆಳಕು ಮತ್ತು ಬಣ್ಣದ ತತ್ತ್ವಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿ, ಬಣ್ಣದ ಗಾಜಿನ ಪೆಟ್ಟಿಗೆಯೊಳಗೆ ರೋಗಿಯನ್ನು ಕೂರಿಸುವ ಏರ್ಪಾಡು ಸೂಚಿಸಿದ. ಈ ಪರಂಪರೆಯ ಅತಿ ಪ್ರಸಿದ್ಧ ವ್ಯಕ್ತಿ ಭಾರತೀಯ. 1873ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಿನ್‌ಶಾ ಘಡಿಯಾಲಿ ಅಮೆರಿಕಕ್ಕೆ ತೆರಳಿ, 1920ರಲ್ಲಿ ‘ಸ್ಪೆಕ್ಟ್ರೋ-ಕ್ರೋಮ್’ ಎಂಬ ಯಂತ್ರವನ್ನು ಹೊರತಂದರು. ದೀಪದ ಮುಂದೆ ಐದು ಬಣ್ಣದ ಗಾಜುಗಳನ್ನು ಬೇರೆಬೇರೆ ಜೋಡಿಯಾಗಿಟ್ಟು 12 ಬಣ್ಣಗಳನ್ನು ಪಡೆಯುವ ಪೆಟ್ಟಿಗೆ ಅದು. ಸಕ್ಕರೆ ಕಾಯಿಲೆ, ಕ್ಷಯಗಳಿಗೂ ಅದು ಮದ್ದೆಂದು ಪ್ರಚಾರ ನಡೆಯಿತು; ಅದನ್ನು ನಂಬಿ ಔಷಧ ಬಿಟ್ಟವರ ಸಾವುಗಳು ನ್ಯಾಯಾಲಯದ ಮುಂದೆ ಬಂದವು. 1947ರಲ್ಲಿ ಅವರಿಗೆ 20,000 ಡಾಲರ್ ದಂಡವಾಯಿತು.

ಇಂದಿನ ಫಲಕಗಳಲ್ಲಿ ಕಾಣುವ ‘ಏಳು ಚಕ್ರಕ್ಕೆ ಏಳು ಬಣ್ಣ’ವನ್ನು ಪ್ರಾಚೀನವೆಂದು ನಂಬುವವರು ಬಹಳ. ಕಾಮನಬಿಲ್ಲಿನ ಅನುಕ್ರಮದಲ್ಲಿ ಮೂಲಾಧಾರಕ್ಕೆ ಕೆಂಪು, ಸಹಸ್ರಾರಕ್ಕೆ ನೇರಳೆ ಎಂಬ ಹೊಂದಾಣಿಕೆ 20ನೇ ಶತಮಾನದ ಪಾಶ್ಚಾತ್ಯ ಬರಹಗಳದ್ದು. 16ನೇ ಶತಮಾನದ ‘ಷಟ್‌ಚಕ್ರನಿರೂಪಣ’ದಲ್ಲಿ ಮೂಲಾಧಾರದ ಪೃಥ್ವೀ ಮಂಡಲ ಹಳದಿ, ಸ್ವಾಧಿಷ್ಠಾನದ ಜಲಮಂಡಲ ಬಿಳಿ, ಮಣಿಪೂರದ ಅಗ್ನಿತ್ರಿಕೋನ ಕೆಂಪು. ಕರ್ನಾಟಕದಲ್ಲಿ ಪ್ರಕೃತಿ ಚಿಕಿತ್ಸೆಗೆ ತನ್ನದೇ ನೆಲೆಯಿದೆ. ಉಜಿರೆಯಲ್ಲಿ 1989ರಲ್ಲೇ ಅದಕ್ಕೊಂದು ಕಾಲೇಜು ಆರಂಭವಾಯಿತು. ಬಣ್ಣದ ಬಾಟಲಿಯಲ್ಲಿ ನೀರಿಟ್ಟು ಬಿಸಿಲಿಗೆ ಕಾಯಿಸಿ ಕುಡಿಯುವ ಪದ್ಧತಿಯೂ ಆ ವಲಯದಲ್ಲಿ ಹಳೆಯದೇ. ಬಾಟಲಿ ಶುಚಿಯಾಗಿದ್ದರೆ ಅದರಿಂದ ಕೇಡಿಲ್ಲ. ಆದರೆ ಗಾಜನ್ನು ದಾಟಿ ಬಂದ ಬಣ್ಣ ನೀರಿನಲ್ಲಿ ಉಳಿದುಕೊಳ್ಳುವುದಿಲ್ಲ.

ಬೆಳಕು ನಿಜವಾಗಿ ಗುಣಪಡಿಸುವೆಡೆ

1956ರ ಬೇಸಿಗೆಯಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ದಾದಿ ಜೀನ್ ವಾರ್ಡ್, ಅವಧಿಗೆ ಮುನ್ನ ಹುಟ್ಟಿದ ಶಿಶುಗಳನ್ನು ಅಂಗಳದ ಬಿಸಿಲಿಗೆ ಕರೆದೊಯ್ಯುತ್ತಿದ್ದರು. ಒಂದು ಮಗುವಿನ ಮೈ ತಿಳಿಯಾಗಿತ್ತು. ಹೊದಿಕೆಯ ಮಡಿಕೆ ಮುಚ್ಚಿದ್ದ ಜಾಗ ಮಾತ್ರ ಕಾಮಾಲೆಯ ಹಳದಿಯಾಗಿಯೇ ಉಳಿದಿತ್ತು. ಅದೇ ಆಸ್ಪತ್ರೆಯ ವೈದ್ಯರು ಇದನ್ನು ಬೆನ್ನುಹತ್ತಿ, ನೀಲಿ ಬೆಳಕು ರಕ್ತದ ಬಿಲಿರುಬಿನ್ ಇಳಿಸುತ್ತದೆಂದು 1958ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಇಂದು ಜಗತ್ತಿನ ಎಲ್ಲೆಡೆ ನವಜಾತ ಶಿಶುಗಳ ಘಟಕಗಳಲ್ಲಿ ಉರಿಯುವ ನೀಲಿ ದೀಪದ ಮೂಲ ಇದು. ಬೆಳಕಿನ ಪೆಟ್ಟಿಗೆ ಬಿಲಿರುಬಿನ್ ಅಣುವಿನ ಆಕಾರ ಬದಲಾಗುತ್ತದೆ, ಎಳೆಯ ಯಕೃತ್ತಿನ ನೆರವಿಲ್ಲದೆಯೂ ಅದು ದೇಹದಿಂದ ಹೊರಹೋಗುವಂತಾಗುತ್ತದೆ.

ಬಣ್ಣದ ಚಿಕಿತ್ಸೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆಯಿಲ್ಲ. ಅದಕ್ಕೇ ಇದನ್ನು ತಪ್ಪಾಗಿ ಅರ್ಥಮಾಡಿಕೊಳ್ಳುವುದೂ ಸುಲಭ. ಆಸ್ಪತ್ರೆಯ ದೀಪದ ಅಲೆಯುದ್ದ ಸುಮಾರು 460ರಿಂದ 490 ನ್ಯಾನೋಮೀಟರ್. ತೀವ್ರ ಚಿಕಿತ್ಸೆಗೆ ಪ್ರತಿ ಚದರ ಸೆಂಟಿಮೀಟರಿಗೆ, ಪ್ರತಿ ನ್ಯಾನೋಮೀಟರಿಗೆ ಕನಿಷ್ಠ 30 ಮೈಕ್ರೋವಾಟ್ ಬೆಳಕು ಬೇಕೆಂಬ ಅಳತೆಯಿದೆ. ಮಗುವಿನ ಬಟ್ಟೆ ಕಳಚಿ, ಕಣ್ಣಿಗೆ ಪಟ್ಟಿ ಕಟ್ಟಿ, ಗಂಟೆಗಟ್ಟಲೆ ಬೆಳಕಿಗೆ ಒಡ್ಡಿ, ರಕ್ತವನ್ನು ಮತ್ತೆಮತ್ತೆ ಪರೀಕ್ಷಿಸಲಾಗುತ್ತದೆ. ಮನೆಯ ಕಿಟಕಿಯ ನೀಲಿ ಗಾಜಿಗೆ ಇದ್ಯಾವುದೂ ಇಲ್ಲ. ಬಿಸಿಲಿನಲ್ಲಿರುವ ನೀಲಿಯಲ್ಲೇ ಒಂದು ಪಾಲನ್ನು ಅದು ನುಂಗಿ ಉಳಿದದ್ದನ್ನು ಒಳಬಿಡುತ್ತದೆ. ಕೋಬಾಲ್ಟ್ ಗಾಜಿನಲ್ಲಿ ಕಡುಗೆಂಪಿನ ಅಂಶವೂ ನುಸುಳುತ್ತದೆ. ಮಗು ಕಣ್ಣಿಗೆ ನೀಲಿಯಾಗಿ ಕಾಣುತ್ತದೆ, ಅದರ ಹಳದಿ ಬಣ್ಣ ಮರೆಯಾಗುತ್ತದೆ. ಅಪಾಯ ಇರುವುದು ಇಲ್ಲಿಯೇ: ನೀಲಿ ಬೆಳಕಿನಲ್ಲಿ ಕಾಮಾಲೆ ಏರುತ್ತಿರುವುದು ತಾಯಿಗೆ ತಿಳಿಯುವುದೇ ಇಲ್ಲ.

ಏರಿದ ಬಿಲಿರುಬಿನ್ ಮಿದುಳಿಗಿಳಿದರೆ ಕಿವುಡುತನ, ಮಿದುಳಿನ ಶಾಶ್ವತ ಊನ, ಸಾವು ಕೂಡ ಸಂಭವಿಸಬಹುದು. ನೇರ ಬಿಸಿಲಿಗೆ ಹಿಡಿಯುವುದನ್ನೂ ವೈದ್ಯರು ಒಪ್ಪುವುದಿಲ್ಲ. ಎಳೆಯ ಚರ್ಮ ಸುಡಬಹುದು, ಮೈಯ ಕಾವು ಏರುಪೇರಾಗಬಹುದು. ನೈಜೀರಿಯಾದಲ್ಲಿ ಬಿಸಿಲನ್ನು ವಿಶೇಷ ಹಾಳೆಗಳಿಂದ ಸೋಸಿ ಕಾಮಾಲೆಗೆ ಬಳಸಿದ ಪ್ರಯೋಗವೊಂದು ಯಶಸ್ವಿಯಾದದ್ದು 2015ರಲ್ಲಿ ವರದಿಯಾಯಿತು. ಆದರೆ ಅಲ್ಲಿಯ ಹಾಳೆಗಳು ಅತಿನೇರಳೆ ಮತ್ತು ಶಾಖವನ್ನು ತಡೆದು ನೀಲಿಯನ್ನು ಒಳಬಿಡುವಂತೆ ಪರೀಕ್ಷೆಗೊಳಪಟ್ಟಿದ್ದವು, ಬೆಳಕನ್ನು ಅಳೆಯುವ ಉಪಕರಣ ಪಕ್ಕದಲ್ಲಿತ್ತು, ಆರೋಗ್ಯ ಸಿಬ್ಬಂದಿ ಇದ್ದರು.

ದೂರದ ಊರುಗಳಿಂದ ಬಂದು ಪೀಣ್ಯ, ಬೊಮ್ಮಸಂದ್ರದ ಒಂದು ಕೋಣೆಯ ಬಾಡಿಗೆ ಮನೆಗಳಲ್ಲಿ ನೆಲೆಸಿರುವ ಕುಟುಂಬಗಳಿಗೆ ಬಾಣಂತನದ ಹೊತ್ತಿಗೆ ಹೇಳಿಕೊಡುವ ಹಿರಿಯರು ಹತ್ತಿರವಿರುವುದಿಲ್ಲ. ಮಗುವಿನ ಹಳದಿ ಹುಟ್ಟಿದ 24 ಗಂಟೆಯೊಳಗೆ ಕಾಣಿಸಿದರೆ, ಅಂಗೈ ಅಂಗಾಲಿಗೆ ಹರಡಿದರೆ, ಮಗು ಮೊಲೆ ಹಿಡಿಯದೆ ಮಂಪರಾಗಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಅನಾರೋಗ್ಯದ ನವಜಾತ ಶಿಶುವಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಉಚಿತ. ಬಡಾವಣೆಯ ಆಶಾ ಕಾರ್ಯಕರ್ತೆಗೆ ತಿಳಿಸಿದರೂ ದಾರಿ ಸಿಗುತ್ತದೆ.

ಅಡುಗೆಮನೆಯ ಮೇಜಿನ ಮೇಲೆ ಸೀಸ

ಫಲಕ ಮಾಡುವವರ ಪಾಲಿಗೆ ಬೇರೊಂದು ಲೆಕ್ಕವಿದೆ. ಬೆಸುಗೆಯ ಹೊಗೆ ಕಣ್ಣು, ಗಂಟಲು ಉರಿಸುತ್ತದೆ. ಆದರೆ ಅದು ಬಹುತೇಕ ಫ್ಲಕ್ಸಿನದ್ದು. ಆ ಉಷ್ಣದಲ್ಲಿ ಸೀಸ ಹೇಳಿಕೊಳ್ಳುವಷ್ಟು ಆವಿಯಾಗುವುದಿಲ್ಲ. ಸೀಸ ದೇಹ ಸೇರುವುದು ಬೆರಳಿನ ಮೂಲಕ. ಪಟ್ಟಿಯ ಬೂದುಬಣ್ಣದ ಪುಡಿ, ಬೆಸುಗೆಯ ಕಿಟ್ಟ ಕೈಗಂಟಿ, ಕೈಯಿಂದ ತಿಂಡಿಗೆ, ಮೇಜಿನಿಂದ ನೆಲಕ್ಕೆ, ನೆಲದಲ್ಲಿ ತೆವಳುವ ಮಗುವಿನ ಬಾಯಿಗೆ ಹೋಗುತ್ತದೆ. ಸೀಸಕ್ಕೆ ಸುರಕ್ಷಿತ ಪ್ರಮಾಣವೆಂಬುದು ತಿಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಅದು ಸದ್ದಿಲ್ಲದೆ ಕುಗ್ಗಿಸುತ್ತದೆ.

ಈ ಅರಿವನ್ನು ದೇಶಕ್ಕೆ ತಂದದ್ದರಲ್ಲಿ ಬೆಂಗಳೂರಿನ ಪಾತ್ರ ದೊಡ್ಡದು. 1990ರ ದಶಕದ ಕೊನೆಯಲ್ಲಿ ಇಲ್ಲಿನ ಜಾರ್ಜ್ ಫೌಂಡೇಷನ್ ಪ್ರಮುಖ ನಗರಗಳಲ್ಲಿ ನಡೆಸಿದ ರಕ್ತಪರೀಕ್ಷೆಯಲ್ಲಿ, 12 ವರ್ಷದೊಳಗಿನ ಮಕ್ಕಳ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚು ಸೀಸ ಕಂಡುಬಂತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಈ ವಿಷಯಕ್ಕಾಗಿ ದಶಕಗಳ ಕಾಲ ದುಡಿದವರು. 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸ ಹೊರಬಿತ್ತು. ಮನೆಗೆ ಬಳಿಯುವ ಬಣ್ಣದಲ್ಲಿ ಅದರ ಮಿತಿಯನ್ನು ಹತ್ತು ಲಕ್ಷಕ್ಕೆ 90 ಭಾಗಕ್ಕೆ ಇಳಿಸುವ ನಿಯಮ 2016ರಲ್ಲಿ ಹೊರಟಿತು. ಬೀದಿಯಿಂದಲೂ ಗೋಡೆಯಿಂದಲೂ ಹೊರಹಾಕಿದ ಲೋಹವನ್ನು ‘ಚಿಕಿತ್ಸೆ’ಯ ಹೆಸರಿನಲ್ಲಿ ಊಟದ ಮೇಜಿಗೆ ಕರೆತರುವುದು ವಿಪರ್ಯಾಸವಲ್ಲದೆ ಇನ್ನೇನು?

ತಡೆಯುವುದು ಕಷ್ಟವಲ್ಲ. ಕೆಲಸಕ್ಕೆ ಬೇರೆ ಮೇಜು, ಬೇರೆ ಬಟ್ಟೆ ಇರಬೇಕು. ಅಲ್ಲಿ ತಿನ್ನಬಾರದು, ಕುಡಿಯಬಾರದು. ಮುಗಿದೊಡನೆ ಸೋಪು ಹಾಕಿ ಕೈತೊಳೆಯಬೇಕು. ಪೊರಕೆ ಆಡಿಸಿದರೆ ಪುಡಿ ಏಳುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸುವುದೇ ಸರಿ. ಗಾಜನ್ನು ಒಣದಾಗಿ ಉಜ್ಜಬಾರದು. ಹಳದಿ, ಕಿತ್ತಳೆ ಗಾಜಿನ ಪುಡಿಯಲ್ಲಿ ಕ್ಯಾಡ್ಮಿಯಂ ಇರಬಹುದು. ಗರ್ಭಿಣಿಯರು ಸೀಸದ ಕೆಲಸದಿಂದ ದೂರವಿರುವುದು ಲೇಸು. ಮಕ್ಕಳ ಕೋಣೆಗೋ ಧ್ಯಾನದ ಕೋಣೆಗೋ ಮಾಡುವ ಫಲಕವನ್ನು ತಾಮ್ರದ ಪಟ್ಟಿ ಮತ್ತು ಸೀಸರಹಿತ ಬೆಸುಗೆಯಲ್ಲೇ ಮಾಡಬಹುದು. ಅದು ಕರಗಲು ಇನ್ನೂ 30-40 ಡಿಗ್ರಿ ಹೆಚ್ಚು ಶಾಖ ಬೇಕು, ಏಣು ಅಷ್ಟು ನುಣುಪಾಗಿ ಬರುವುದಿಲ್ಲ, ಬೆಲೆಯೂ ಹೆಚ್ಚು.

ಮಾರುವವರು ಚೀಟಿಯ ಮೇಲೆ ಏನು ಬರೆಯುತ್ತಾರೆಂಬುದೂ ಮುಖ್ಯ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಮೂರ್ಛೆಯಂಥ ರೋಗಗಳನ್ನು ವಾಸಿಮಾಡುವುದಾಗಿ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸುತ್ತದೆ. ದೇಹದ ಕ್ರಿಯೆಯ ಮೇಲೆ ಪರಿಣಾಮ ಬೀರಲೆಂದು ಮಾರುವ ವಸ್ತುಗಳನ್ನೂ ಅದು ‘ಔಷಧ’ದ ವ್ಯಾಖ್ಯೆಗೆ ಸೇರಿಸಿಕೊಂಡಿರುವುದರಿಂದ ಗಾಜಿನ ಫಲಕವೂ ಅದರ ಹಿಡಿತಕ್ಕೆ ಬರಬಹುದು.

ಬೆಳಕಿಗೂ ನಿದ್ದೆಗೂ ಇರುವ ನಂಟು ಮಾತ್ರ ಕಲ್ಪನೆಯಲ್ಲ. ನೋಟಕ್ಕಲ್ಲದೆ ದೇಹದ ಗಡಿಯಾರಕ್ಕೆ ಬೆಳಕಿನ ಸುದ್ದಿ ಮುಟ್ಟಿಸುವ ಕಣ್ಣಿನ ಕೋಶಗಳನ್ನು ವಿಜ್ಞಾನಿಗಳು 2002ರಲ್ಲಿ ವಿವರಿಸಿದರು. ಸುಮಾರು 480 ನ್ಯಾನೋಮೀಟರಿನ ನೀಲಿಗೆ ಅವು ಹೆಚ್ಚು ಸ್ಪಂದಿಸುತ್ತವೆ. ಮಲಗುವ ಮುನ್ನ ಬಿಳಿ ದೀಪ ಆರಿಸಿ, ಜೇನುಬಣ್ಣದ ಅಥವಾ ಕೆಂಪು ಗಾಜಿನ ಛತ್ರಿಯ ಮಂದ ದೀಪ ಹಚ್ಚುವುದರಲ್ಲಿ ಹಾಗಾಗಿ ಅರ್ಥವಿದೆ. ರಾತ್ರಿ ಪಾಳಿ ಮುಗಿಸಿ ಹಗಲಿನಲ್ಲಿ ಮಲಗುವವರಿಗೆ ಕಿಟಕಿಯ ಬಣ್ಣದ ಗಾಜು ಸಾಲದು. ಅವರಿಗೆ ಬೇಕಾದದ್ದು ಕತ್ತಲೆ, ದಪ್ಪನೆಯ ಪರದೆ.

ಫಲಕವನ್ನು ತೂಗುಹಾಕುವವರು ತೂಕವನ್ನು ಮರೆಯಬಾರದು. 3 ಮಿಲಿಮೀಟರ್ ಗಾಜು ಚದರ ಮೀಟರಿಗೆ ಏಳೂವರೆ ಕಿಲೋ ತೂಗುತ್ತದೆ, ಲೋಹದ್ದು ಬೇರೆ. ಕೊಕ್ಕೆಯನ್ನು ಬೆಸುಗೆಯ ನಡುವಿಗೆ ಹಾಕದೆ ಹೊರ ಚೌಕಟ್ಟಿಗೇ ಎರಡು ಕಡೆ ಬಿಗಿಯಬೇಕು. ಪೂರ್ವ ಅಥವಾ ಪಶ್ಚಿಮದ ಕಿಟಕಿಯಲ್ಲಿ ನೆಲದ ಮೇಲೆ ಬಣ್ಣ ದೂರದವರೆಗೆ ಚಾಚುತ್ತದೆ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯ ಉತ್ತರಕ್ಕಿರುತ್ತಾನೆ. ವರ್ಷದ ಹೆಚ್ಚು ಕಾಲ ನೆರಳಲ್ಲೇ ಇರುವ ಉತ್ತರದ ಕಿಟಕಿಗೂ ಆ ತಿಂಗಳುಗಳಲ್ಲಿ, ಮೋಡ ಸರಿದ ದಿನ, ನೇರ ಬಿಸಿಲು ಸಿಗುತ್ತದೆ.